ಅಕ್ಕಿಕಾಳು ಬೀಳುವಾಗಲೇ ವಿಡಿಯೊ ಅಟಕುವುದೇಕೆ?

ಮದುವೆ ಮುಗಿದು ಎರಡು ಮೂರು ತಿಂಗಳಾದ ಮೇಲೆ ಫೋಟೊಗ್ರಾಫರ್ ಕಡೆಯಿಂದ ಪೆನ್‌ಡ್ರೈವ್ ಮನೆಗೆ ಬರುತ್ತದೆ. ಕಂಪ್ಯೂಟರಿಗೆ ಚುಚ್ಚಿ, ಟಿವಿಗೆ ಎಚ್‌ಡಿಎಂಐ ಕೇಬಲ್ ಜೋಡಿಸಿ ಮನೆಮಂದಿಯೆಲ್ಲ ಕೂಡುತ್ತಾರೆ. ಅರಿಷಿಣ ಹಚ್ಚುವುದು, ಸುರಗಿ ನೀರು ಎಲ್ಲವೂ ಚೆನ್ನಾಗಿಯೇ ಓಡುತ್ತದೆ. ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ, ನಾಲ್ಕೂ ಕಡೆಯಿಂದ ಮಂದಿ ಅಕ್ಕಿಕಾಳು ಎರಚುವಾಗ, ಚಿತ್ರ ನಿಂತುಬಿಡುತ್ತದೆ. ಭಜಂತ್ರಿ ಸದ್ದು ಮುಂದೆ ಹೋಗುತ್ತದೆ, ಮದುಮಗನ ಕೈ ಗಾಳಿಯಲ್ಲೇ ಉಳಿಯುತ್ತದೆ. ಯಾರನ್ನಾದರೂ ಕೇಳಿದರೆ ಒಂದೇ ಉತ್ತರ: ‘ರ‍್ಯಾಮ್ ಹಾಕಸ್ರಿ, ಎಲ್ಲಾ ಸರಿ ಆಗ್ತದ.’

ಆಗುವುದಿಲ್ಲ. ವಿಡಿಯೊ ನೋಡುವ ಕೆಲಸಕ್ಕೆ ರ‍್ಯಾಮ್ ಬೇಕಾಗುವುದು ಕೆಲವು ನೂರು ಎಂಬಿ ಮಾತ್ರ. ಕಂಪ್ಯೂಟರಿನಲ್ಲಿ 8 ಜಿಬಿ ಇದ್ದರೆ ಅದನ್ನು 16 ಮಾಡಿದರೂ ಆ ಅಕ್ಕಿಕಾಳು ಅಲ್ಲೇ ಅಟಕುತ್ತದೆ. ದುಡ್ಡು ಬಿಚ್ಚುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಈ ಫೈಲಿನ ಒಳಗೆ ಏನಿದೆ? ನನ್ನ ಚಿಪ್ಪಿನಲ್ಲಿ ಅದನ್ನು ಬಿಚ್ಚುವ, ಅಂದರೆ ಕುಗ್ಗಿಸಿಟ್ಟ ಚಿತ್ರವನ್ನು ಮತ್ತೆ ಬಿಡಿಸುವ, ಸರ್ಕ್ಯೂಟ್ ಇದೆಯೇ? ಉಳಿದ ಬಹುತೇಕ ತೊಂದರೆಗಳ ಬೇರು ಇವೆರಡರಲ್ಲೇ ಇರುತ್ತದೆ.

ಮೊದಲು ಅಕ್ಕಿಕಾಳಿನ ವಿಷಯ. 1920 ಅಡ್ಡ, 1080 ಉದ್ದದ ಒಂದು ಚಿತ್ರದಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿರುತ್ತವೆ. ಸೆಕೆಂಡಿಗೆ 25 ಚಿತ್ರದಂತೆ ಅದನ್ನು ಕುಗ್ಗಿಸದೆ ಹಾಗೇ ಇಟ್ಟರೆ ಸೆಕೆಂಡಿಗೆ ಸುಮಾರು 78 ಎಂಬಿ ಆಗುತ್ತದೆ. 4ಕೆ (ನಾಲ್ಕು ಪಟ್ಟು ಚುಕ್ಕೆಯ ಚಿತ್ರ), ಸೆಕೆಂಡಿಗೆ 50 ಚಿತ್ರ ಎಂದರೆ ಅದರ ಎಂಟು ಪಟ್ಟು, 620 ಎಂಬಿ ದಾಟುತ್ತದೆ. ಇಷ್ಟನ್ನು ಸಾಮಾನ್ಯ ಪೆನ್‌ಡ್ರೈವ್ ಹೊರಲಾರದು. ಆದ್ದರಿಂದ ಕುಗ್ಗಿಸುವಾಗ ಒಂದು ಚಿತ್ರವನ್ನು ಪೂರ್ತಿ ಬರೆದಿಟ್ಟು, ಮುಂದಿನ ಹತ್ತಾರು ಚಿತ್ರಗಳಿಗೆ ‘ಹಿಂದಿನದಕ್ಕಿಂತ ಏನು ಬದಲಾಯಿತು’ ಎಂಬುದನ್ನಷ್ಟೇ ಬರೆಯುತ್ತಾರೆ. ಸ್ವಾಮಿಗಳು ಕೂತು ಮಂತ್ರ ಹೇಳುವಾಗ ಬದಲಾಗುವುದು ತುಟಿ ಮತ್ತು ಕೈ ಮಾತ್ರ. ಹಿಂದಿನ ಮಂಟಪ ಹಾಗೇ ಇರುತ್ತದೆ, ಬರೆಯುವುದು ಕಡಿಮೆ. ಅಕ್ಕಿಕಾಳು ಬಿದ್ದಾಗ ಸಾವಿರಾರು ಕಾಳುಗಳು ಒಂದೊಂದು ಒಂದೊಂದು ದಿಕ್ಕಿಗೆ ಹಾರುತ್ತವೆ. ಯಾವುದು ಎಲ್ಲಿಗೆ ಹೋಗುತ್ತದೆ ಎಂದು ಊಹಿಸಿ ಬರೆಯಲು ಬರುವುದಿಲ್ಲ. ಮೇಲಿಂದ ಫ್ಲ್ಯಾಶ್ ಬೆಳಕು ಬಿದ್ದರೆ ಇಡೀ ಚಿತ್ರದ ಬೆಳಕೇ ಬದಲಾಗುತ್ತದೆ. ಆ ಕೆಲವು ಸೆಕೆಂಡುಗಳಲ್ಲಿ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಬರೆದಿಡಬೇಕಾದ ಮಾಹಿತಿ, ಒಮ್ಮೆಲೇ ಏರುತ್ತದೆ. ಜಾತ್ರೆಯಲ್ಲಿ ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆಯುವ ದೃಶ್ಯವೂ ಹೀಗೇ ಭಾರ.

ಸೆಕೆಂಡಿಗೆ 25 ಚಿತ್ರ ಎಂದರೆ ಒಂದು ಚಿತ್ರ ಬಿಚ್ಚಲು ಕಂಪ್ಯೂಟರಿಗೆ ಸಿಗುವ ಸಮಯ 40 ಮಿಲಿಸೆಕೆಂಡ್. 50 ಚಿತ್ರ ಎಂದರೆ 20 ಮಿಲಿಸೆಕೆಂಡ್ ಮಾತ್ರ. ಮಂತ್ರದ ದೃಶ್ಯಕ್ಕೆ 15 ಮಿಲಿಸೆಕೆಂಡ್ ಸಾಕಾಗಿ, ಅಕ್ಕಿಕಾಳಿನ ದೃಶ್ಯಕ್ಕೆ 45 ಬೇಕಾದರೆ ಏನಾಗುತ್ತದೆ? ಧ್ವನಿ ತನ್ನ ಪಾಡಿಗೆ ಹೋಗುತ್ತದೆ, ಪ್ಲೇಯರ್ ಧ್ವನಿಯ ಜೊತೆ ಹೆಜ್ಜೆ ಹಾಕಲು ಚಿತ್ರಗಳನ್ನು ಬಿಟ್ಟುಬಿಡುತ್ತದೆ. ನಮಗೆ ಅದು ಅಟಕಿದಂತೆ ಕಾಣುತ್ತದೆ.

ಫೈಲಿನ ಹೊಟ್ಟೆಯಲ್ಲಿ ಏನಿದೆ

ಫೈಲಿನ ಹೆಸರಿನ ಕೊನೆಯಲ್ಲಿರುವ ಎಂಪಿ4, ಎಂಕೆವಿ, ಎಂಒವಿ ಇವು ಡಬ್ಬಿಯ ಹೆಸರುಗಳು. ಡಬ್ಬಿ ನೋಡಿ ಒಳಗಿನದ್ದು ತೊಗರಿಬೇಳೆಯೋ ಕಡಲೆಬೇಳೆಯೋ ಹೇಳಲು ಬರುವುದಿಲ್ಲ. ಒಳಗಿನದ್ದು ಕೋಡೆಕ್, ಅಂದರೆ ಚಿತ್ರವನ್ನು ಕುಗ್ಗಿಸಿ ಮತ್ತೆ ಬಿಚ್ಚುವ ವಿಧಾನ. ಇವತ್ತು ಕೈಗೆ ಸಿಗುವ ಫೈಲುಗಳಲ್ಲಿ ಮುಖ್ಯವಾಗಿ ನಾಲ್ಕಿವೆ: 2003ರಲ್ಲಿ ಬಂದ ಎಚ್.264, ಇದಕ್ಕೆ ಎವಿಸಿ ಎಂಬ ಹೆಸರೂ ಇದೆ. 2013ರಲ್ಲಿ ಬಂದ ಎಚ್.265, ಅಂದರೆ ಎಚ್‌ಇವಿಸಿ. ಅದೇ ವರ್ಷದ ವಿಪಿ9. ಆಮೇಲೆ 2018ರ ಎವಿ1. ಹೊಸದಾದಷ್ಟೂ ಅದೇ ಗುಣಮಟ್ಟಕ್ಕೆ ಫೈಲು ಸಣ್ಣದಾಗುತ್ತದೆ, ಬಿಚ್ಚುವ ಲೆಕ್ಕ ಮಾತ್ರ ಹೆಚ್ಚುತ್ತದೆ. ‘ಫೈಲು ಇಷ್ಟು ಸಣ್ಣದಿದ್ದರೂ ಯಾಕೆ ಅಟಕುತ್ತದೆ’ ಎಂಬ ಪ್ರಶ್ನೆಗೆ ಉತ್ತರ ಇದೇ. 2 ಜಿಬಿಯ ಎಚ್‌ಇವಿಸಿ ಸಿನಿಮಾ 8 ಜಿಬಿಯ ಎಚ್.264 ಸಿನಿಮಾಕ್ಕಿಂತ ಹಳೆಯ ಕಂಪ್ಯೂಟರನ್ನು ಹೆಚ್ಚು ಕಾಡುತ್ತದೆ.

ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಫೈಲನ್ನು ಅದರೊಳಗೆ ಎಳೆದುಬಿಟ್ಟು ವ್ಯೂ ಮೆನುವಿನಲ್ಲಿ ಟೆಕ್ಸ್ಟ್ ಆರಿಸಿದರೆ ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ವಿಡಿಯೊ ಭಾಗದ ಆರು ಸಾಲು ಓದಿದರೆ ಸಾಕು: ಫಾರ್ಮ್ಯಾಟ್, ಫಾರ್ಮ್ಯಾಟ್ ಪ್ರೊಫೈಲ್, ಬಿಟ್ ರೇಟ್, ಫ್ರೇಮ್ ರೇಟ್, ಕ್ರೋಮಾ ಸಬ್‌ಸ್ಯಾಂಪ್ಲಿಂಗ್, ಬಿಟ್ ಡೆಪ್ತ್.

ಕೊನೆಯ ಎರಡನ್ನು ಯಾರೂ ನೋಡುವುದಿಲ್ಲ. ಆದರೆ ಮದುವೆ ವಿಡಿಯೊಗಳಲ್ಲಿ ಕಳ್ಳ ಅಡಗಿರುವುದು ಅಲ್ಲಿಯೇ. ಸಾಮಾನ್ಯ ವಿಡಿಯೊ 8 ಬಿಟ್, 4:2:0 ಇರುತ್ತದೆ. ಅಂದರೆ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, ಮತ್ತು ಬಣ್ಣದ ಮಾಹಿತಿ ನಾಲ್ಕು ಚುಕ್ಕೆಗೆ ಒಂದು. ಈಗಿನ ಅನೇಕ ಮಿರರ್‌ಲೆಸ್ ಕ್ಯಾಮೆರಾಗಳು 10 ಬಿಟ್, 4:2:2ರಲ್ಲಿ ರೆಕಾರ್ಡ್ ಮಾಡುತ್ತವೆ. 10 ಬಿಟ್ ಎಂದರೆ 1024 ಮೆಟ್ಟಿಲು, 4:2:2 ಎಂದರೆ ಬಣ್ಣದ ಮಾಹಿತಿ ಎರಡು ಪಟ್ಟು. ಎಡಿಟಿಂಗ್ ಮಾಡುವವರಿಗೆ ಅದು ಬೇಕು, ಬಣ್ಣ ತಿದ್ದಲು ಜಾಗ ಸಿಗುತ್ತದೆ. ಮನೆಯಲ್ಲಿ ನೋಡುವವರಿಗೆ ಅದರಿಂದ ಏನೂ ಲಾಭವಿಲ್ಲ, ಕಷ್ಟ ಮಾತ್ರ. ಎಚ್.264ರಲ್ಲಿ 10 ಬಿಟ್ 4:2:2 ಇದ್ದರೆ ಮನೆಗಳಲ್ಲಿರುವ ಬಹುತೇಕ ಯಾವ ಗ್ರಾಫಿಕ್ಸ್ ಚಿಪ್ಪೂ ಅದನ್ನು ಮುಟ್ಟುವುದಿಲ್ಲ. ಎನ್‌ವಿಡಿಯಾದಲ್ಲಿ 4:2:2 ಬಿಚ್ಚುವ ಸರ್ಕ್ಯೂಟ್ ಬಂದದ್ದೇ 2025ರ ಆರ್‌ಟಿಎಕ್ಸ್ 50 ಸಾಲಿನಲ್ಲಿ. ಎಡಿಟಿಂಗ್ ಮಾಡದೆ ಕ್ಯಾಮೆರಾ ಫೈಲುಗಳನ್ನೇ ನೇರ ಕಾಪಿ ಮಾಡಿ ಕೊಟ್ಟಿದ್ದರೆ ಸೆಕೆಂಡಿಗೆ 100ರಿಂದ 200 ಮೆಗಾಬಿಟ್‌ನ ಇಂಥ ಫೈಲುಗಳೇ ಸಿಗುತ್ತವೆ.

ಅಳತೆಯ ಒಂದು ಮಾತು: ಬಿಟ್‌ರೇಟ್ ಇರುವುದು ಮೆಗಾಬಿಟ್‌ನಲ್ಲಿ, ಫೈಲಿನ ಗಾತ್ರ ಇರುವುದು ಮೆಗಾಬೈಟ್‌ನಲ್ಲಿ. ಎಂಟರಿಂದ ಭಾಗಿಸಬೇಕು. 100 ಮೆಗಾಬಿಟ್‌ನ 40 ನಿಮಿಷದ ವಿಡಿಯೊ 30 ಜಿಬಿ ಆಗುತ್ತದೆ. ಎರಡೂವರೆ ಗಂಟೆಯ 8 ಜಿಬಿ ಸಿನಿಮಾ ಸರಾಸರಿ ಸೆಕೆಂಡಿಗೆ ಸುಮಾರು 7 ಮೆಗಾಬಿಟ್ ಮಾತ್ರ. ಒಂದೇ ಕಂಪ್ಯೂಟರಿನಲ್ಲಿ ಸಿನಿಮಾ ಸಲೀಸಾಗಿ ಓಡಿ ಮದುವೆ ವಿಡಿಯೊ ಅಟಕುವುದು ಇದಕ್ಕೇ.

ಚಿಪ್ಪಿನಲ್ಲಿ ಏನಿದೆ

ವಿಡಿಯೊ ಬಿಚ್ಚಲು ಎರಡು ದಾರಿ. ಪ್ರೊಸೆಸರಿನ ಮುಖ್ಯ ಕೋರ್‌ಗಳೇ ಲೆಕ್ಕ ಮಾಡುವುದು ಒಂದು. ಗ್ರಾಫಿಕ್ಸ್ ಭಾಗದಲ್ಲಿ ಇದಕ್ಕೆಂದೇ ಕೆತ್ತಿದ ಸಣ್ಣ ಸರ್ಕ್ಯೂಟ್ ಮಾಡುವುದು ಇನ್ನೊಂದು. ಆ ಸರ್ಕ್ಯೂಟಿಗೆ ಗೊತ್ತಿರುವ ಕೋಡೆಕ್ ಆದರೆ ಪ್ರೊಸೆಸರ್ ಹೆಚ್ಚುಕಡಿಮೆ ಖಾಲಿ ಕೂತಿರುತ್ತದೆ, ಫ್ಯಾನ್ ಸದ್ದೂ ಏಳುವುದಿಲ್ಲ. ಗೊತ್ತಿಲ್ಲದ ಕೋಡೆಕ್ ಆದರೆ ಪೂರಾ ಭಾರ ಪ್ರೊಸೆಸರಿನ ಮೇಲೆ. ನಡುವಿನ ದಾರಿ ಎಂಬುದು ಸಾಮಾನ್ಯವಾಗಿ ಇಲ್ಲ. ಚಿಪ್ಪು ತಯಾರಾದ ದಿನ ಯಾವ ಕೋಡೆಕ್ ಕಲಿತಿತ್ತೋ ಅಷ್ಟೇ, ಆಮೇಲೆ ಕಲಿಸಲು ಬರುವುದಿಲ್ಲ.

ಇಂಟೆಲ್ ಪ್ರೊಸೆಸರಿನ ಹೆಸರಿನಲ್ಲಿ ಅಡ್ಡಗೆರೆಯ ನಂತರದ ಅಂಕಿ ಅದರ ತಲೆಮಾರು ಹೇಳುತ್ತದೆ. ಐ3-4130 ನಾಲ್ಕನೆಯದು, ಐ3-7100 ಏಳನೆಯದು, ಐ5-10400 ಹತ್ತನೆಯದು. 2011ರ ಎರಡನೇ ತಲೆಮಾರಿನಿಂದಲೂ 1080ರ ಎಚ್.264 ಸಲೀಸಾಗಿ ಓಡುತ್ತದೆ. ಐದನೇ ತಲೆಮಾರಿನವರೆಗೂ ಎಚ್‌ಇವಿಸಿಗೆ ಪೂರ್ಣ ಸರ್ಕ್ಯೂಟ್ ಇಲ್ಲ. ಆರನೆಯದರಲ್ಲಿ 8 ಬಿಟ್ ಎಚ್‌ಇವಿಸಿ ಬಂತು. ಏಳನೆಯದರಲ್ಲಿ 10 ಬಿಟ್ ಎಚ್‌ಇವಿಸಿ, ಜೊತೆಗೆ ವಿಪಿ9 ಕೂಡ ಪೂರ್ತಿ ಬಂತು. ಎವಿ1 ಬೇಕಾದರೆ ಹನ್ನೊಂದನೇ ತಲೆಮಾರು ಬೇಕು. ಹೆಸರಿನ ಕೊನೆಯಲ್ಲಿ ಎಫ್ ಅಕ್ಷರ ಇದ್ದರೆ, ಉದಾಹರಣೆಗೆ ಐ5-10400ಎಫ್, ಅದರಲ್ಲಿ ಗ್ರಾಫಿಕ್ಸ್ ಭಾಗವೇ ಇಲ್ಲ. ಆಗ ಎಲ್ಲವೂ ಬೇರೆಯಾಗಿ ಹಾಕಿದ ಗ್ರಾಫಿಕ್ಸ್ ಕಾರ್ಡಿನ ಮೇಲೆ ನಿಂತಿದೆ. ಎಎಂಡಿ ಕಡೆ 2018ರ ರೈಜೆನ್ 2200ಜಿ ಎಚ್‌ಇವಿಸಿ 10 ಬಿಟ್ ಮತ್ತು ವಿಪಿ9 ಎರಡನ್ನೂ ಬಲ್ಲದು. ಡೆಸ್ಕ್‌ಟಾಪ್ ರೈಜೆನ್ 7000 ಸಾಲಿನ ಒಳಗ್ರಾಫಿಕ್ಸ್ ಎವಿ1 ಸಹ ಬಿಚ್ಚುತ್ತದೆ.

ಕಲಬುರಗಿ, ಬೀದರ್ ಕಡೆಯವರು ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿಗೆ ಹೈದರಾಬಾದ್ ಕಡೆ ಹೋಗುವುದುಂಟು. ಸಿಕಂದರಾಬಾದಿನ ಕಂಪ್ಯೂಟರ್ ಮಾರುಕಟ್ಟೆ ಸಿಟಿಸಿಯಲ್ಲಾಗಲಿ, ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗಳಲ್ಲಾಗಲಿ, ಕಂಪನಿಗಳು ತೆಗೆದುಹಾಕಿದ ಸಣ್ಣ ಡಬ್ಬಿಯ ಡೆಸ್ಕ್‌ಟಾಪ್ ಕೊಳ್ಳುವಾಗ ಒಂದು ಮಾತು ನೆನಪಿಡಿ. ‘ಐ5 ಅದ, ಐ3ಕ್ಕಿಂತ ಛಲೋ’ ಎನ್ನುತ್ತಾರೆ. ನಾಲ್ಕನೇ ತಲೆಮಾರಿನ ಐ5ಗಿಂತ ಏಳನೇ ತಲೆಮಾರಿನ ಐ3 ವಿಡಿಯೊಗೆ ಎಷ್ಟೋ ಮೇಲು. ಅಂಗಡಿಯಲ್ಲೇ ಸ್ಟಾರ್ಟ್ ಮೇಲೆ ಬಲಗುಂಡಿ ಒತ್ತಿ ಸಿಸ್ಟಂ ತೆರೆದು ಪ್ರೊಸೆಸರಿನ ಪೂರಾ ಹೆಸರು ಓದಿ. ಡಬ್ಬಿಯ ಮೇಲಿನ ಸ್ಟಿಕರ್ ನಂಬಬೇಡಿ. ಸಾಧ್ಯವಾದರೆ ಅಟಕುವ ಫೈಲನ್ನೇ ಜೊತೆಗೆ ಒಯ್ದು ಅಲ್ಲೇ ಓಡಿಸಿ ನೋಡಿ.

ಕಾರ್ಡಿನ ವಿಷಯದಲ್ಲೂ ಇಂಥದೇ ಒಂದು ಮೋಸ ಇದೆ. ಎನ್‌ವಿಡಿಯಾದ ಜಿಟಿ 710 ಕಾರ್ಡಿನ ಡಬ್ಬಿಯ ಮೇಲೆ 4ಕೆ ಎಂದು ಕಂಡರೆ ಅದು ಪರದೆಗೆ 4ಕೆ ಚಿತ್ರ ಕಳಿಸುವ ಸಾಮರ್ಥ್ಯ, ಅದೂ ಎಚ್‌ಡಿಎಂಐನಲ್ಲಿ ಸೆಕೆಂಡಿಗೆ 30 ಬಾರಿ. 4ಕೆ ಎಚ್‌ಇವಿಸಿ ಫೈಲು ಬಿಚ್ಚುವ ಸರ್ಕ್ಯೂಟ್ ಅದರಲ್ಲಿಲ್ಲ. ಹಳೆಯ ಕಂಪ್ಯೂಟರಿಗೆ ವಿಡಿಯೊ ಸಲುವಾಗಿಯೇ ಕಾರ್ಡು ಬೇಕಾದರೆ ಜಿಟಿ 1030 ಸಾಕು. 30 ವ್ಯಾಟ್‌ನ ಕಾರ್ಡು, ಬೇರೆ ಪವರ್ ಕೇಬಲ್ ಬೇಡ, ಗಿಡ್ಡ ಮಾದರಿಗಳು ಸಣ್ಣ ಡಬ್ಬಿಯಲ್ಲೂ ಕೂಡುತ್ತವೆ. ಎಚ್‌ಇವಿಸಿ 10 ಬಿಟ್ ಮತ್ತು ವಿಪಿ9 ಬರುತ್ತದೆ, ಎವಿ1 ಬರುವುದಿಲ್ಲ. ಎವಿ1 ಬೇಕೆಂದು ಎಎಂಡಿಯ ಆರ್‌ಎಕ್ಸ್ 6400 ಕೊಳ್ಳುವವರಿದ್ದಾರೆ, ಆ ಸಾಲಿನ ದೊಡ್ಡ ಕಾರ್ಡುಗಳಲ್ಲಿದ್ದರೂ ಆ ಕಾರ್ಡಿನಲ್ಲಿ ಎವಿ1 ಇಲ್ಲ.

ಇನ್ನೊಂದು ಸಂಗತಿ ಕೇಳಿದವರಿಗೆ ಆಶ್ಚರ್ಯವಾಗುತ್ತದೆ. ಐ3-7100 ಇರುವ ಕಂಪ್ಯೂಟರಿಗೆ ‘ಸ್ಪೀಡ್ ಆಗಲಿ’ ಎಂದು ಜಿಟಿ 710 ಹಾಕಿಸಿದರೆ ಎಚ್‌ಇವಿಸಿ ವಿಡಿಯೊ ಮೊದಲಿಗಿಂತ ಕೆಡುತ್ತದೆ. ಕಾರ್ಡು ಹಾಕಿದೊಡನೆ ಅನೇಕ ಮದರ್‌ಬೋರ್ಡುಗಳು ಪ್ರೊಸೆಸರಿನ ಒಳಗ್ರಾಫಿಕ್ಸ್ ಅನ್ನು ಮುಚ್ಚಿಬಿಡುತ್ತವೆ. ಅಂದರೆ ಕೆಲಸ ಬಲ್ಲವನನ್ನು ಮನೆಗೆ ಕಳಿಸಿ ಬಾರದವನನ್ನು ಕೂಡಿಸಿದಂತೆ. ಕಾರ್ಡು ಕಿತ್ತು, ಕೇಬಲನ್ನು ಬೋರ್ಡಿನ ಎಚ್‌ಡಿಎಂಐಗೆ ಹಾಕಿದರೆ ಅಷ್ಟಕ್ಕೇ ಸರಿಹೋಗುತ್ತದೆ.

ಯಾರು ಬಿಚ್ಚುತ್ತಿದ್ದಾರೆ ಎಂದು ಕಣ್ಣಾರೆ ನೋಡುವುದು

ವಿಂಡೋಸ್ 10 ಅಥವಾ 11ರಲ್ಲಿ ವಿಡಿಯೊ ಓಡಿಸಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಪರ್ಫಾರ್ಮೆನ್ಸ್ ಭಾಗಕ್ಕೆ ಹೋಗಿ ಎಡಗಡೆ ಜಿಪಿಯು ಆರಿಸಿದರೆ ವಿಡಿಯೊ ಡೀಕೋಡ್ ಎಂಬ ಗ್ರಾಫ್ ಇರುತ್ತದೆ. ಅಕ್ಕಿಕಾಳಿನ ದೃಶ್ಯಕ್ಕೆ ಸರಿಸಿ ಎರಡು ಗೆರೆ ನೋಡಿ, ಸಿಪಿಯು (ಪ್ರೊಸೆಸರ್) ಮತ್ತು ವಿಡಿಯೊ ಡೀಕೋಡ್ (ಬಿಚ್ಚುವ ಸರ್ಕ್ಯೂಟ್). ಸಿಪಿಯು ನೂರಕ್ಕೆ ಮುಟ್ಟಿ ಡೀಕೋಡ್ ಗೆರೆ ನೆಲಕ್ಕೇ ಮಲಗಿದ್ದರೆ ಸರ್ಕ್ಯೂಟ್ ಕೆಲಸವೇ ಮಾಡುತ್ತಿಲ್ಲ. ಡೀಕೋಡ್ ಗೆರೆಯೇ ನೂರಕ್ಕೆ ಮುಟ್ಟಿದ್ದರೆ ಸರ್ಕ್ಯೂಟ್ ಕೆಲಸ ಮಾಡುತ್ತಿದೆ, ಆದರೆ ಫೈಲು ಅದರ ಶಕ್ತಿ ಮೀರಿದೆ. ಎರಡೂ ಕೆಳಗಿದ್ದು ಚಿತ್ರ ಅಟಕುತ್ತಿದ್ದರೆ ತೊಂದರೆ ಡಿಸ್ಕಿನಲ್ಲೋ ಪರದೆಯಲ್ಲೋ ಇದೆ.

ಮೊದಲನೆಯ ಸ್ಥಿತಿ ಕಂಡರೆ, ಚಿಪ್ಪಿಗೆ ಆ ಕೋಡೆಕ್ ಬರುತ್ತದೆ ಎಂದು ನಿಮಗೆ ಗೊತ್ತಿದ್ದರೆ, ಡಿವೈಸ್ ಮ್ಯಾನೇಜರಿನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ನೋಡಿ. ಅಲ್ಲಿ ಮೈಕ್ರೊಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದು ಬರೆದಿದ್ದರೆ ಗ್ರಾಫಿಕ್ಸ್ ಡ್ರೈವರೇ ಹಾಕಿಲ್ಲ. ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಇದು ಬಹಳ ಸಲ ಉಳಿದುಬಿಡುತ್ತದೆ. ಪರದೆ ಬರುತ್ತದೆ, ಎಲ್ಲವೂ ಸರಿ ಇದ್ದಂತೆ ಕಾಣುತ್ತದೆ, ವಿಡಿಯೊ ಮಾತ್ರ ಸಾಯುತ್ತದೆ. ಇಂಟೆಲ್, ಎಎಂಡಿ ಅಥವಾ ಎನ್‌ವಿಡಿಯಾದ ಸ್ವಂತ ತಾಣದಿಂದ ಡ್ರೈವರ್ ಇಳಿಸಿ ಹಾಕಿ, ಒಮ್ಮೆ ರಿಸ್ಟಾರ್ಟ್ ಮಾಡಿ. ಖರ್ಚಿಲ್ಲದ ಪರಿಹಾರ ಇದು, ಇದನ್ನು ನೋಡದೆ ಬೇರೆ ಯಾವುದಕ್ಕೂ ಕೈ ಹಾಕಬೇಡಿ.

ಪ್ಲೇಯರ್ ಯಾವುದಿರಬೇಕು? ವಿಎಲ್‌ಸಿ ಎಲ್ಲರಿಗೂ ಗೊತ್ತು. 2018ರ 3.0 ಆವೃತ್ತಿಯಿಂದ ಅದು ಹಾರ್ಡ್‌ವೇರ್ ಡೀಕೋಡಿಂಗನ್ನು, ಅಂದರೆ ಬಿಚ್ಚುವ ಸರ್ಕ್ಯೂಟನ್ನು, ತಾನಾಗಿ ಬಳಸುತ್ತದೆ. ಎಷ್ಟೋ ಕಂಪ್ಯೂಟರುಗಳಲ್ಲಿ ಇನ್ನೂ 2.2 ಆವೃತ್ತಿಯೇ ಕೂತಿರುತ್ತದೆ, ತೆಗೆದು ಹೊಸದು ಹಾಕಿ. ಟೂಲ್ಸ್, ಪ್ರಿಫರೆನ್ಸಸ್, ಇನ್‌ಪುಟ್/ಕೋಡೆಕ್ಸ್‌ಗೆ ಹೋಗಿ ಹಾರ್ಡ್‌ವೇರ್ ಆಕ್ಸಿಲರೇಟೆಡ್ ಡೀಕೋಡಿಂಗ್ ಆಟೊಮ್ಯಾಟಿಕ್ ಇದೆಯೇ ನೋಡಿ. ಕಂಟ್ರೋಲ್ ಮತ್ತು ಜೆ ಒತ್ತಿ ಸ್ಟ್ಯಾಟಿಸ್ಟಿಕ್ಸ್ ಪುಟಕ್ಕೆ ಹೋದರೆ ಎಷ್ಟು ಫ್ರೇಮ್ (ಬಿಡಿ ಚಿತ್ರ) ಕಳೆದುಹೋದವು ಎಂಬ ಲೆಕ್ಕ ಇರುತ್ತದೆ. ಅದು ಏರುತ್ತ ಹೋದರೆ ನಿಮ್ಮ ಕಣ್ಣಿನ ಭ್ರಮೆಯಲ್ಲ, ನಿಜವಾಗಿ ಚಿತ್ರ ಬೀಳುತ್ತಿದೆ.

ಭಾರದ ಫೈಲುಗಳಿಗೆ ನನ್ನ ಮೊದಲ ಆಯ್ಕೆ ಎಂಪಿವಿ. ಮೆನು ಇಲ್ಲದ ಬೋಳು ಪ್ಲೇಯರ್ ಎಂದು ಜನ ದೂರ ಇಡುತ್ತಾರೆ, ಆದರೆ ಇಷ್ಟು ಪ್ರಾಮಾಣಿಕವಾಗಿ ಒಳಗಿನದ್ದನ್ನು ತೋರಿಸುವ ಪ್ಲೇಯರ್ ಮತ್ತೊಂದಿಲ್ಲ. ಶಿಫ್ಟ್ ಹಿಡಿದು ಐ ಒತ್ತಿದರೆ ಪರದೆಯ ಮೇಲೇ ಕೋಡೆಕ್, ಹಾರ್ಡ್‌ವೇರ್ ಬಳಕೆಯಲ್ಲಿದೆಯೇ ಇಲ್ಲವೇ, ಬಿದ್ದ ಫ್ರೇಮ್ ಎಷ್ಟು, ಎಲ್ಲ ಬರುತ್ತದೆ. ಅದರಲ್ಲಿ ಹಾರ್ಡ್‌ವೇರ್ ಡೀಕೋಡಿಂಗ್ ಮೊದಲೇ ಚಾಲೂ ಇರುವುದಿಲ್ಲ. ವಿಡಿಯೊ ಓಡುತ್ತಿರುವಾಗ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಚಾಲೂ ಆಗುತ್ತದೆ, ಇನ್ನೊಮ್ಮೆ ಒತ್ತಿದರೆ ಬಂದ್. ಅದೇ ದೃಶ್ಯವನ್ನು ಎರಡೂ ರೀತಿಯಲ್ಲಿ ಓಡಿಸಿ ಟಾಸ್ಕ್ ಮ್ಯಾನೇಜರಿನ ಗೆರೆಗಳು ಹೇಗೆ ಅದಲು ಬದಲಾಗುತ್ತವೆ ನೋಡಿ. ಎರಡು ನಿಮಿಷದಲ್ಲಿ ಇಡೀ ವಿಷಯ ಅರ್ಥವಾಗುತ್ತದೆ.

ಮೆನು ಬೇಕೇಬೇಕು ಎನ್ನುವವರಿಗೆ ಎಂಪಿಸಿ-ಎಚ್‌ಸಿ ಒಳ್ಳೆಯದು. ಮೂಲ ತಂಡದ ಕೊನೆಯ ಆವೃತ್ತಿ 2017ರದು, ಆಮೇಲೆ ಬೇರೆಯವರು ಮುಂದುವರಿಸಿದ್ದನ್ನು ಹಾಕಿಕೊಳ್ಳಬೇಕು. ವಿಂಡೋಸ್ ಜೊತೆ ಬರುವ ಪ್ಲೇಯರಿನಲ್ಲಿ ಎಚ್‌ಇವಿಸಿ ತೆರೆದರೆ ಹಣ ಕೊಟ್ಟು ಎಕ್ಸ್‌ಟೆನ್ಶನ್ ಕೊಳ್ಳಿ ಎಂದು ಕೇಳಬಹುದು. ಮೇಲಿನ ಮೂರರಲ್ಲಿ ಯಾವುದಕ್ಕೂ ಅದು ಬೇಡ. ಸಿಕ್ಕ ಸಿಕ್ಕ ಕೋಡೆಕ್ ಪ್ಯಾಕ್‌ಗಳನ್ನು ಒಂದರ ಮೇಲೊಂದು ಹೇರಬೇಡಿ, ಅವು ಒಂದಕ್ಕೊಂದು ಕಾಲು ತೊಡರುತ್ತವೆ.

ಚಿತ್ರ ಅಟಕದೆ ಅಡ್ಡಗೆರೆಗಳು ಬಾಚಣಿಗೆಯ ಹಲ್ಲಿನಂತೆ ಕಂಡರೆ ಅದು ಇಂಟರ್‌ಲೇಸ್ ಮಾಡಿದ, ಅಂದರೆ ಗೆರೆ ಬಿಟ್ಟು ಗೆರೆ ಬರೆದ, ಹಳೆಯ ವಿಡಿಯೊ. ವಿಎಲ್‌ಸಿ, ಎಂಪಿವಿ ಎರಡರಲ್ಲೂ ಡಿ ಕೀಲಿ ಒತ್ತಿ, ಹೋಗುತ್ತದೆ.

ಪೆನ್‌ಡ್ರೈವ್ ವಿಷಯ ಬೇಗ ಮುಗಿಸಬಹುದು. ಫೈಲನ್ನು ಮೊದಲು ಕಂಪ್ಯೂಟರಿನ ಒಳಗಿನ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಆಗ ಸರಿ ಓಡಿದರೆ ದೋಷ ಪೆನ್‌ಡ್ರೈವಿನದು. ಸೆಕೆಂಡಿಗೆ 100 ಮೆಗಾಬಿಟ್ ಎಂದರೆ 12.5 ಎಂಬಿ, ಯುಎಸ್‌ಬಿ 2.0 ಪೋರ್ಟಿನಲ್ಲೂ ಇಷ್ಟು ಬರಬೇಕು, ಆದರೆ ಸೋತ ಪೆನ್‌ಡ್ರೈವ್ ಕೊಡುವುದಿಲ್ಲ. ವೈಫೈ ಮೂಲಕ ಇನ್ನೊಂದು ಕೋಣೆಯ ಕಂಪ್ಯೂಟರಿನಿಂದ ಓಡಿಸುವುದಾದರೆ 2.4 ಗಿಗಾಹರ್ಟ್ಸ್ ಮೇಲೆ ಭರವಸೆ ಬೇಡ, ಲ್ಯಾನ್ ಕೇಬಲ್ ಎಳೆಯಿರಿ. ‘ಫೈಲು ದೊಡ್ಡದು, ಹಿಡಿಸುವುದಿಲ್ಲ’ ಎಂದು ವಿಂಡೋಸ್ ಹೇಳಿದರೆ, ಜಾಗ ಖಾಲಿ ಇದ್ದೂ ಹೇಳಿದರೆ, ಪೆನ್‌ಡ್ರೈವ್ ಫ್ಯಾಟ್32ರಲ್ಲಿದೆ. ಅದರಲ್ಲಿ 4 ಜಿಬಿ ಮೀರಿದ ಫೈಲು ಕೂಡುವುದಿಲ್ಲ. ಒಳಗಿನದ್ದನ್ನು ಬೇರೆಡೆ ತೆಗೆದಿಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಕಾಪಿ ನಡೆಯುವಾಗ ಕರೆಂಟ್ ಹೋಗಿ ಅರ್ಧಕ್ಕೆ ನಿಂತ ಎಂಪಿ4 ಫೈಲು ಎಷ್ಟೋ ಸಲ ತೆರೆಯುವುದೇ ಇಲ್ಲ. ಒಳಗಿನ ವಿಳಾಸಪಟ್ಟಿ ಫೈಲಿನ ಕೊನೆಯಲ್ಲಿದ್ದರೆ ಅದು ಬಂದೇ ಇರುವುದಿಲ್ಲ. ಆದ್ದರಿಂದ ಮೂಲ ಪೆನ್‌ಡ್ರೈವನ್ನು ಕಾಪಿ ಓಡಿಸಿ ನೋಡುವವರೆಗೂ ಅಳಿಸಬೇಡಿ.

25ಕ್ಕೂ 60ಕ್ಕೂ ಕೂಡಿಬರದ ಲೆಕ್ಕ

ಸಿಪಿಯು ತಣ್ಣಗಿದೆ, ಒಂದು ಫ್ರೇಮೂ ಬಿದ್ದಿಲ್ಲ, ಆದರೂ ಕ್ಯಾಮೆರಾ ಮಂಟಪದ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ತಿರುಗುವಾಗ ಚಿತ್ರ ಸಣ್ಣಗೆ ಎಗರಿದಂತೆ ಕಾಣುತ್ತದೆ. ಇದಕ್ಕೆ ಕಾರಣ ಬೇರೆ. ನಮ್ಮ ಕರೆಂಟ್ 50 ಹರ್ಟ್ಸ್. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಆ ಮಿಣುಕು ವಿಡಿಯೊದಲ್ಲಿ ಪಟ್ಟೆಯಾಗಿ ಕಾಣಬಾರದೆಂದು ನಮ್ಮ ಕಡೆಯ ಫೋಟೊಗ್ರಾಫರುಗಳು ಸೆಕೆಂಡಿಗೆ 25 ಅಥವಾ 50 ಚಿತ್ರದಲ್ಲಿ ತೆಗೆಯುತ್ತಾರೆ, ಅದು ಸರಿಯಾದ ಪದ್ಧತಿಯೇ. ಆದರೆ ಸಾಮಾನ್ಯ ಕಂಪ್ಯೂಟರ್ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. 60ನ್ನು 25ರಿಂದ ಭಾಗಿಸಿದರೆ 2.4. ಅರ್ಧಂಬರ್ಧ ಸಲ ತೋರಿಸಲು ಬರುವುದಿಲ್ಲ, ಹಾಗಾಗಿ ಒಂದು ಚಿತ್ರ ಎರಡು ಸಲ, ಮತ್ತೊಂದು ಮೂರು ಸಲ, ಹೀಗೆ 2, 3, 2, 3, 2ರ ಕುಂಟು ನಡಿಗೆ. ಒಂದು ಚಿತ್ರ 33 ಮಿಲಿಸೆಕೆಂಡ್ ನಿಂತರೆ ಮುಂದಿನದು 50 ನಿಲ್ಲುತ್ತದೆ. 24 ಚಿತ್ರದ ಸಿನಿಮಾಕ್ಕೂ ಇದೇ ಕುಂಟು ಇದೆ.

ಟಿವಿಗೆ ಜೋಡಿಸಿದ್ದರೆ ಪರಿಹಾರ ಸುಲಭ. ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್ 50 ಹರ್ಟ್ಸ್ ಮಾಡಿ. ನಮ್ಮಲ್ಲಿ ಮಾರುವ ಬಹುತೇಕ ಟಿವಿಗಳು ಇದನ್ನು ಒಪ್ಪುತ್ತವೆ. ಆಗ ಒಂದೊಂದು ಚಿತ್ರವೂ ಸರಿಯಾಗಿ ಎರಡೇ ಸಲ, ಕುಂಟು ಮಾಯ. ನೋಡಿದ ಮೇಲೆ 60ಕ್ಕೆ ಮರಳಿಸಿ. ಅದೇ ಪುಟದಲ್ಲಿ 4ಕೆ ಟಿವಿ 30 ಹರ್ಟ್ಸ್‌ನಲ್ಲಿ ಓಡುತ್ತಿದೆಯೇ ಎಂದೂ ನೋಡಿ. ಹಳೆಯ ಬೋರ್ಡುಗಳ ಎಚ್‌ಡಿಎಂಐ 1.4 ಆವೃತ್ತಿಯದು, 4ಕೆ ಅಳತೆಯಲ್ಲಿ 30ಕ್ಕಿಂತ ಮೇಲೆ ಹೋಗದು. ಅಲ್ಲಿಗೆ 50 ಚಿತ್ರದ ವಿಡಿಯೊ ಕೊಟ್ಟರೆ ಸೆಕೆಂಡಿಗೆ ಇಪ್ಪತ್ತು ಚಿತ್ರ ಕಳೆದುಹೋಗುವುದು ಖಚಿತ. ಪರದೆಯನ್ನು 1920×1080ಕ್ಕೆ ಇಳಿಸಿ 50 ಹರ್ಟ್ಸ್ ಮಾಡಿದರೆ 4ಕೆ 30ಕ್ಕಿಂತ ಕಣ್ಣಿಗೆ ಎಷ್ಟೋ ಹಿತ. ಚುಕ್ಕೆ ಕಡಿಮೆಯಾದದ್ದು ಹತ್ತು ಅಡಿ ದೂರದಿಂದ ತಿಳಿಯುವುದಿಲ್ಲ, ಎಗರಿದ್ದು ತಿಳಿಯುತ್ತದೆ.

ಬ್ಯಾಸಿಗೆ ಮತ್ತು ಧೂಳು

ಜನವರಿಯಲ್ಲಿ ಓಡಿದ ಫೈಲು ಮೇ ತಿಂಗಳಲ್ಲಿ ಅಟಕುವುದು ನಮ್ಮ ಭಾಗದಲ್ಲಿ ವಿಚಿತ್ರವಲ್ಲ. ಕಲಬುರಗಿ, ಯಾದಗಿರಿಯಲ್ಲಿ ಹೊರಗೆ 42 ಡಿಗ್ರಿ ಇರುವಾಗ ಕಂಪ್ಯೂಟರ್ ಒಳಗೆ ಎಳೆದುಕೊಳ್ಳುವ ಗಾಳಿಯೇ ಬಿಸಿ. ಇಂಟೆಲ್ ಪ್ರೊಸೆಸರುಗಳು ಸುಮಾರು 100 ಡಿಗ್ರಿ ಮುಟ್ಟಿದಾಗ ತಮ್ಮನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತವೆ. ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಅಟಕಲು ಶುರುವಾದರೆ ಇದನ್ನೇ ಶಂಕಿಸಿ. ಕೋರ್ ಟೆಂಪ್ ಎಂಬ ಸಣ್ಣ ತಂತ್ರಾಂಶ ಹಾಕಿ ವಿಡಿಯೊ ಓಡುವಾಗ ಅಂಕಿ ನೋಡುತ್ತ ಕೂತರೆ ತಿಳಿಯುತ್ತದೆ.

ಧೂಳು ಇದಕ್ಕೆ ಜೊತೆಗಾರ. ದಾಲ್ ಮಿಲ್ಲುಗಳ ಹತ್ತಿರ, ಶಹಾಬಾದ್, ವಾಡಿ, ಸೇಡಂ ಕಡೆಯ ಕಲ್ಲು ಮತ್ತು ಸಿಮೆಂಟಿನ ಪುಡಿ ಹಾರುವ ಊರುಗಳಲ್ಲಿ ಆರು ತಿಂಗಳಿಗೆ ಪ್ರೊಸೆಸರ್ ಮೇಲಿನ ಹೀಟ್‌ಸಿಂಕಿನ ಸಂದುಗಳು ಕಂಬಳಿ ಹೊದ್ದಂತೆ ಆಗುತ್ತವೆ. ಪ್ಲಗ್ ಕಿತ್ತು, ಡಬ್ಬಿ ಬಿಚ್ಚಿ, ಹೊರಗೆ ಅಂಗಳಕ್ಕೆ ಒಯ್ದು ಬ್ಲೋವರ್ ಹಿಡಿಯಿರಿ. ಆಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದಿರಬೇಕು, ಗಾಳಿಗೆ ಅತಿಯಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ನಾಲ್ಕೈದು ವರ್ಷದ ಕಂಪ್ಯೂಟರಾದರೆ ಹೀಟ್‌ಸಿಂಕ್ ತೆಗೆದು, ಒಣಗಿದ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಥರ್ಮಲ್ ಪೇಸ್ಟ್ ನಡುವೆ ಇಟ್ಟು ಒತ್ತಿ ಕೂಡಿಸಿ. ಸವರಬೇಕಿಲ್ಲ, ಒತ್ತಡಕ್ಕೆ ತಾನೇ ಹರಡುತ್ತದೆ. ಏರ್ ಕೂಲರಿನ ಗಾಳಿಯನ್ನು ನೇರವಾಗಿ ಕಂಪ್ಯೂಟರಿಗೆ ತಿರುಗಿಸುವವರಿದ್ದಾರೆ. ಬೇಡ. ಆ ಹಸಿ ಗಾಳಿಗೆ ಧೂಳು ಕೆಸರಿನಂತೆ ಮೆತ್ತಿಕೊಳ್ಳುತ್ತದೆ, ಆಮೇಲೆ ಬ್ಲೋವರಿಗೂ ಬಿಡುವುದಿಲ್ಲ. ಲ್ಯಾಪ್‌ಟಾಪನ್ನು ಗಾದಿಯ ಮೇಲೆ ಇಡಬೇಡಿ, ಚಾರ್ಜರ್ ಹಾಕಿಯೇ ಓಡಿಸಿ.

ಯಾವ ಸರ್ಕ್ಯೂಟಿಗೂ ಬಾರದ ಫೈಲು

10 ಬಿಟ್ 4:2:2ರ ಎಚ್.264 ಆಗಿದ್ದರೆ ಪ್ಲೇಯರ್ ಬದಲಿಸಿ ಪ್ರಯೋಜನವಿಲ್ಲ, ಫೈಲನ್ನೇ ಬದಲಿಸಬೇಕು. ಎಲ್ಲಕ್ಕಿಂತ ಒಳ್ಳೆಯದು ಫೋಟೊಗ್ರಾಫರ್ ಹತ್ತಿರ ಮೊದಲೇ ಹೇಳುವುದು. ಈ ಸಾಲನ್ನು ಹಾಗೇ ಕಳಿಸಿ: ಎಚ್.264, ಎಂಪಿ4, 1920×1080, 8 ಬಿಟ್, 4:2:0, ಪ್ರೊಗ್ರೆಸಿವ್, ತೆಗೆದಾಗಿನ ಫ್ರೇಮ್ ರೇಟೇ ಇರಲಿ, ಸೆಕೆಂಡಿಗೆ 20ರಿಂದ 25 ಮೆಗಾಬಿಟ್. ಇಂಥ ಫೈಲು 2011ರ ಕಂಪ್ಯೂಟರಿನಲ್ಲೂ ಓಡುತ್ತದೆ, ಟಿವಿಯ ಯುಎಸ್‌ಬಿಯಲ್ಲೂ ಓಡುತ್ತದೆ. 4ಕೆ ಮೂಲವನ್ನು ಬೇರೆ ಡ್ರೈವಿನಲ್ಲಿ ತೆಗೆದಿಟ್ಟುಕೊಳ್ಳಿ, ಬಿಡಬೇಡಿ. ಮುಂದೊಂದು ದಿನ ಒಳ್ಳೆಯ ಕಂಪ್ಯೂಟರ್ ಬಂದಾಗ ಅದೇ ನಿಮ್ಮ ಆಸ್ತಿ.

ಪೆನ್‌ಡ್ರೈವ್ ಈಗಾಗಲೇ ಕೈಗೆ ಬಂದಿದ್ದರೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ನೀವೇ ಮಾಡಿಕೊಳ್ಳಬಹುದು. ಫೈಲು ತೆರೆದು ಫಾಸ್ಟ್ 1080ಪಿ30 ಎಂಬ ಪ್ರೀಸೆಟ್ ಆರಿಸಿ. ಇಲ್ಲಿ ಎಡವುವ ಜಾಗ ಒಂದಿದೆ: ಆ ಪ್ರೀಸೆಟ್ ಫ್ರೇಮ್ ರೇಟಿಗೆ 30ರ ಮಿತಿ ಹಾಕುತ್ತದೆ. 50ರ ವಿಡಿಯೊ 30 ಆದರೆ ಕ್ಯಾಮೆರಾ ತಿರುಗಿದಾಗಲೆಲ್ಲ ಎಗರುತ್ತದೆ, ಮೊದಲಿನ ಕಷ್ಟ ಹೋಗಿ ಶಾಶ್ವತ ಕಷ್ಟ ಬರುತ್ತದೆ. ವಿಡಿಯೊ ಪುಟದಲ್ಲಿ ಫ್ರೇಮ್ ರೇಟನ್ನು ಸೇಮ್ ಆ್ಯಸ್ ಸೋರ್ಸ್ ಮಾಡಿ. ಎನ್‌ಕೋಡರ್ ಎಚ್.264 ಎಕ್ಸ್264 ಇರಲಿ, 10 ಬಿಟ್ ಎಂದು ಬರೆದದ್ದು ಬೇಡ. ಗುಣಮಟ್ಟದ ಆರ್‌ಎಫ್ ಅಂಕಿ 20 ಇಡಿ, ಅಂಕಿ ಇಳಿದಷ್ಟೂ ಚಿತ್ರ ಚೆನ್ನ, ಫೈಲು ದೊಡ್ಡದು.

ಹಳೆಯ ಕಂಪ್ಯೂಟರಿಗೆ ಇದು ಇಡೀ ರಾತ್ರಿಯ ಕೆಲಸವಾಗಬಹುದು. ಆದ್ದರಿಂದ ಪೂರಾ ಫೈಲನ್ನು ಒಮ್ಮೆಲೇ ಹಚ್ಚಬೇಡಿ. ರೇಂಜ್ ಎಂಬಲ್ಲಿ ಸೆಕೆಂಡ್ಸ್ ಆರಿಸಿ, ಅಕ್ಕಿಕಾಳು ಬೀಳುವ ಒಂದು ನಿಮಿಷವನ್ನು ಮಾತ್ರ ಮೊದಲು ತೆಗೆಯಿರಿ. ಅದನ್ನು ಟಿವಿಗೆ ಹಾಕಿ ಓಡಿಸಿ. ಕಾಳುಗಳು ಬಿಡಿಬಿಡಿಯಾಗಿ ಕಾಣಬೇಕು, ಚೌಕಚೌಕದ ಮಸುಕಾಗಬಾರದು. ಮಸುಕಾಗಿದ್ದರೆ ಆರ್‌ಎಫ್ 18ಕ್ಕೆ ಇಳಿಸಿ ಇನ್ನೊಮ್ಮೆ ಆ ಒಂದು ನಿಮಿಷ ತೆಗೆಯಿರಿ. ಸರಿ ಎನಿಸಿದ ಮೇಲೆ ರೇಂಜನ್ನು ಪೂರಾ ಫೈಲಿಗೆ ಮರಳಿಸಿ ರಾತ್ರಿ ಊಟ ಆದ ಮೇಲೆ ಹಚ್ಚಿ ಮಲಗಿ, ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಅನ್ನು ನೆವರ್ ಮಾಡಿರಬೇಕು, ಇಲ್ಲದಿದ್ದರೆ ಕಂಪ್ಯೂಟರೂ ನಿಮ್ಮ ಜೊತೆ ಮಲಗಿರುತ್ತದೆ.